ಮರ್ಕ್ಯುಶಿಯೋಗೆ ಯಾರೂ ಹೇಳಲಿಲ್ಲ

(ಶಿರಸಿಯಲ್ಲಿ ನಾಟಕ ಓದುವ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತು. ಬರೆಯುವಾಗ ಹೆಚ್ಚು ತಿದ್ದಿಲ್ಲ. ಕೊನೆಯ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಳೆ ಜೋರಿದೆ. ಹಿಂದೆ ಕೂತವರಿಗೆ ಕೇಳದಿದ್ದರೆ ಕೈ ಎತ್ತಿ, ದೊಡ್ಡದಾಗಿ ಹೇಳುತ್ತೇನೆ.

ವಿಷಯ ನಿಮಗೆ ಗೊತ್ತಿದೆ. ರೋಮಿಯೋ ಮತ್ತು ಜೂಲಿಯೆಟ್ ನಾಟಕದಲ್ಲಿ ಕತೆ ತಿರುಗುವುದು ಎಲ್ಲಿ? ಕತೆಯನ್ನು ಮೊದಲಿಂದ ಹೇಳುತ್ತಾ ಕೂರುವುದಿಲ್ಲ. ವೆರೋನಾ ಅನ್ನುವ ಊರು, ಎರಡು ದೊಡ್ಡ ಮನೆ, ಹಳೇ ಹಗೆ. ಆ ಮನೆಯ ಹುಡುಗ, ಈ ಮನೆಯ ಹುಡುಗಿ. ಗುಟ್ಟಾಗಿ ಮದುವೆ, ಕೊನೆಗೆ ಇಬ್ಬರ ಸಾವು. ಇದು ನಾಟಕ ನೋಡದವರಿಗೂ ಗೊತ್ತು. ಶೇಕ್ಸ್‌ಪಿಯರ್ ಕೂಡ ಮುಚ್ಚಿಡಲಿಲ್ಲ, ಮೊದಲ ಪದ್ಯದಲ್ಲೇ ಇಬ್ಬರೂ ಸಾಯುತ್ತಾರೆ ಅಂತ ಹೇಳಿಬಿಟ್ಟ. ನಮ್ಮ ಕಡೆ ಯಕ್ಷಗಾನದ ಆಟ ನೋಡುವವರಿಗೆ ಇದೇನೂ ಹೊಸದಲ್ಲ. ಅಭಿಮನ್ಯು ಸಾಯುತ್ತಾನೆ ಅಂತ ಗೊತ್ತಿದ್ದೇ ಬೆಳಗಿನವರೆಗೆ ಕೂತು ನೋಡುವ ಜನ ನಾವು. ಏನಾಗುತ್ತದೆ ಅನ್ನುವುದಕ್ಕಿಂತ ಹೇಗಾಯಿತು ಅನ್ನುವುದೇ ನಮಗೆ ಬೇಕು.

ತಿರುವು ಎಲ್ಲಿ ಅಂತ ಕೇಳಿದರೆ ಹತ್ತರಲ್ಲಿ ಎಂಟು ಜನ ಹೇಳುವುದು ಆ ಪತ್ರದ ವಿಷಯ. ಜೂಲಿಯೆಟ್ ಸತ್ತಿಲ್ಲ, ನಲವತ್ತೆರಡು ಗಂಟೆ ನಿದ್ದೆ ಬರುವ ಮದ್ದು ಕುಡಿದಿದ್ದಾಳೆ ಅಂತ ಅವರ ಮದುವೆ ಮಾಡಿಸಿದ ಪಾದ್ರಿ ಲಾರೆನ್ಸ್ ಬರೆದ ಪತ್ರ ರೋಮಿಯೋಗೆ ಮುಟ್ಟಲಿಲ್ಲ. ಮುಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಹೌದು, ಹೋಗುತ್ತಿತ್ತು. ಆದರೆ ನನ್ನ ಲೆಕ್ಕದಲ್ಲಿ ಅದು ಅಪಘಾತ, ತಿರುವಲ್ಲ. ಪತ್ರ ಒಯ್ಯಬೇಕಾದ ಪಾದ್ರಿ ಜಾನ್ ಪ್ಲೇಗಿನ ಸಂಶಯ ಇದ್ದ ಮನೆಯಲ್ಲಿ ಸಿಕ್ಕಿಬಿದ್ದ, ಬಾಗಿಲಿಗೆ ಮುದ್ರೆ ಹಾಕಿದರು, ಹೊರಗೆ ಬಿಡಲಿಲ್ಲ. ಅದರಲ್ಲಿ ಯಾರೂ ಏನನ್ನೂ ಆಯ್ದುಕೊಂಡಿಲ್ಲ. ತಿರುವು ಅಂತ ಕರೆಯಬೇಕಾದರೆ ಅಲ್ಲೊಬ್ಬ ಮನುಷ್ಯ ನಿಂತಿರಬೇಕು. ಅವನು ಹೀಗೂ ಮಾಡಬಹುದಿತ್ತು, ಹಾಗೂ ಮಾಡಬಹುದಿತ್ತು ಅನ್ನುವ ಹಾಗಿರಬೇಕು.

ಇನ್ನು ಪಾಠ ಹೇಳುವವರ ಉತ್ತರ ಬೇರೆ. ಮೂರನೇ ಅಂಕದ ಮೊದಲ ದೃಶ್ಯ, ಬೀದಿಯಲ್ಲಿ ಕತ್ತಿ ಕಾಳಗ, ರೋಮಿಯೋನ ಗೆಳೆಯ ಮರ್ಕ್ಯುಶಿಯೋ ಸಾಯುವುದು, ಆಮೇಲೆ ರೋಮಿಯೋ ಜೂಲಿಯೆಟ್ ಮನೆಯ ಟಿಬಾಲ್ಟ್‌ನನ್ನು ಕೊಲ್ಲುವುದು. ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಕೊಡುತ್ತಾರೆ. ನನಗೂ ಆ ದೃಶ್ಯವೇ ಅಂತ ಒಪ್ಪಿಗೆ. ಆದರೆ ದೃಶ್ಯದೊಳಗೆ ಎಲ್ಲಿ? ಅಲ್ಲಿ ನನ್ನದು ಸ್ವಲ್ಪ ತಕರಾರಿದೆ, ಅದಕ್ಕೇ ಇವತ್ತು ಬಂದಿದ್ದು.

ಮೊದಲು ಆ ದೃಶ್ಯದ ತನಕ ನಾಟಕ ಹೇಗಿದೆ ನೋಡಿ. ಒಂದೂ ಸಾವಿಲ್ಲ. ಆಳುಗಳ ಜಗಳ ಇದೆ, ಅದೂ ತಮಾಷೆಯ ಜಗಳವೇ. ಹಬ್ಬದೂಟ, ಮುಖವಾಡ, ಕುಣಿತ. ಬಾಯಿಬಡುಕಿ ದಾದಿ ಇದ್ದಾಳೆ. ಗೋಡೆ ಹಾರಿ ತೋಟಕ್ಕೆ ಬರುವ ಹುಡುಗ ಇದ್ದಾನೆ. ಕೊನೆಗೆ ಮದುವೆಯೂ ಆಗುತ್ತದೆ. ಅಲ್ಲಿಗೇ ಪರದೆ ಎಳೆದಿದ್ದರೆ ಇದೊಂದು ಹಾಸ್ಯ ನಾಟಕ. ಹಗೆಯ ಎರಡು ಮನೆ, ಮಕ್ಕಳ ಮದುವೆ, ರಾಜಿ, ಮಂಗಳ. ಪಾದ್ರಿ ಲಾರೆನ್ಸ್ ಲೆಕ್ಕ ಹಾಕಿದ್ದೂ ಹಾಗೆಯೇ.

ಮದುವೆ ಆಗಿ ಒಂದು ತಾಸು ಕಳೆದಿದೆ. ಸೋಮವಾರ ಮಧ್ಯಾಹ್ನ, ಸುಡುವ ಬಿಸಿಲು. ತಿಂಗಳು ಜುಲೈ. ಜೂಲಿಯೆಟ್‌ಗೆ ಹದಿನಾಲ್ಕು ತುಂಬುವುದು ಜುಲೈ 31ಕ್ಕೆ, ಅದಕ್ಕೆ ಇನ್ನೂ ಎರಡು ವಾರದ ಮೇಲೆ ಬಾಕಿ ಅಂತ ದಾದಿ ಮತ್ತು ತಾಯಿಯ ಮಾತಿನಲ್ಲಿ ಬರುತ್ತದೆ. ಜುಲೈ ಅಂದರೆ ನಮಗೆ ಕಣ್ಣ ಮುಂದೆ ಬರುವುದು ಈಗ ಹೊರಗೆ ಸುರಿಯುತ್ತಿರುವ ಇದು, ಮೂರು ದಿನ ಒಣಗದ ಬಟ್ಟೆ, ತೋಟದಲ್ಲಿ ಕೊಳೆ ಔಷಧಿ ಹೊಡೆಯಲು ಬಿಡುವು ಕೊಡದ ಮಳೆ. ಹಾಗಾಗಿ ನೀವು ಇದನ್ನು ಕಾರವಾರದ ಮೇ ತಿಂಗಳು ಅಂತ ಅಂದುಕೊಳ್ಳಿ. ಅಂಗಿ ಬೆನ್ನಿಗೆ ಅಂಟಿ, ಸುಮ್ನೆ ಕೂತವರಿಗೂ ಸಿಟ್ಟು ಬರುವ ಹೊತ್ತು. ರೋಮಿಯೋನ ಇನ್ನೊಬ್ಬ ಗೆಳೆಯ ಬೆನ್ವೋಲಿಯೋ ಹೇಳುವುದೂ ಅದನ್ನೇ: ಬಾರೋ ಮನೆಗೆ ಹೋಗೋಣ, ಸೆಕೆ ಇದೆ, ಆ ಮನೆಯವರು ಓಡಾಡುತ್ತಿದ್ದಾರೆ, ಸಿಕ್ಕಿದರೆ ಜಗಳ ತಪ್ಪಲ್ಲ. ಮರ್ಕ್ಯುಶಿಯೋ ಕೇಳಬೇಕಲ್ಲ!

ಟಿಬಾಲ್ಟ್ ಬರುತ್ತಾನೆ. ಅವನು ಜೂಲಿಯೆಟ್‌ಳ ತಾಯಿಯ ಸೋದರನ ಮಗ. ಹಿಂದಿನ ರಾತ್ರಿ ತಮ್ಮ ಮನೆಯ ಊಟಕ್ಕೆ ರೋಮಿಯೋ ಮುಖವಾಡ ಹಾಕಿ ಬಂದಿದ್ದನ್ನು ದನಿಯಿಂದಲೇ ಗುರುತು ಹಿಡಿದವನು, ಹಿರಿಯರು ತಡೆದದ್ದಕ್ಕೆ ಹಲ್ಲು ಕಚ್ಚಿಕೊಂಡು ಸುಮ್ಮನಾದವನು. ಈಗ ರೋಮಿಯೋ ಎದುರಿಗೇ ಸಿಕ್ಕಿದ್ದಾನೆ. ನೀನು ನೀಚ ಅಂತಾನೆ, ಎಲ್ಲರೆದುರಿಗೆ. ರೋಮಿಯೋ ಏನು ಹೇಳುತ್ತಾನೆ ಅಂದರೆ, ನಿನ್ನನ್ನು ಪ್ರೀತಿಸಲಿಕ್ಕೆ ನನಗೊಂದು ಕಾರಣ ಇದೆ, ಅದಕ್ಕೇ ಈ ಮಾತಿಗೆ ಬರಬೇಕಾದ ಸಿಟ್ಟು ನನಗೆ ಬರುತ್ತಿಲ್ಲ, ಆ ಕಾರಣ ನಿನಗೆ ಮುಂದೆ ತಿಳಿಯುತ್ತದೆ, ನಿಮ್ಮ ಮನೆತನದ ಹೆಸರು ನನಗೆ ನನ್ನ ಹೆಸರಿನಷ್ಟೇ ಪ್ರೀತಿಯದ್ದು.

ಕಾರಣ ಏನು ಅಂತ ಹೇಳಲಿಲ್ಲ.

ಈಗ ಅಲ್ಲಿ ನಿಂತವರ ಕಣ್ಣಿನಿಂದ ನೋಡಿ. ನಮಗೆ ಮದುವೆಯ ವಿಷಯ ಗೊತ್ತು, ಅವರಿಗೆ ಗೊತ್ತಿಲ್ಲ. ಟಿಬಾಲ್ಟ್‌ಗೆ ಇದು ಅಣಕ. ಮರ್ಕ್ಯುಶಿಯೋಗೆ ಇದು ನಾಚಿಕೆಗೇಡು. ತನ್ನ ಗೆಳೆಯ ಬೀದಿಯಲ್ಲಿ ಬೈಸಿಕೊಂಡು ಬೈದವನಿಗೇ ಹಲ್ಲು ಗಿಂಜುತ್ತಿದ್ದಾನೆ. ತಡೆಯಲಾಗದೆ ಮರ್ಕ್ಯುಶಿಯೋ ಕತ್ತಿ ಎಳೆಯುತ್ತಾನೆ. ಇದನ್ನು ಗಮನಿಸಿ, ಮೊದಲು ಕತ್ತಿ ಎಳೆದದ್ದು ಟಿಬಾಲ್ಟ್ ಅಲ್ಲ. ಮರ್ಕ್ಯುಶಿಯೋ ಹೊಡೆದಾಡಿದ್ದು ಎರಡು ಮನೆಯ ಹಗೆಗಾಗಿ ಅಲ್ಲವೇ ಅಲ್ಲ, ಗೆಳೆಯನ ಮರ್ಯಾದೆಗಾಗಿ. ಕಳೆದುಹೋಗಿದೆ ಅಂತ ಅವನು ತಿಳಿದ ಮರ್ಯಾದೆ ಅದು.

ರೋಮಿಯೋ ಇಬ್ಬರ ನಡುವೆ ನುಗ್ಗುತ್ತಾನೆ, ಕೈ ಅಡ್ಡ ಹಿಡಿಯುತ್ತಾನೆ. ಅದೇ ಕೈಯ ಅಡಿಯಿಂದ ಟಿಬಾಲ್ಟ್‌ನ ಕತ್ತಿ ತೂರಿ ಬಂದು ಮರ್ಕ್ಯುಶಿಯೋನ ಮೈಗೆ ಇಳಿಯುತ್ತದೆ. 1597ರಲ್ಲಿ ಅಚ್ಚಾದ ಮೊದಲ ಪ್ರತಿಯಲ್ಲಿ ರಂಗಸೂಚನೆಯೇ ಹೀಗಿದೆ, ರೋಮಿಯೋನ ತೋಳಿನ ಕೆಳಗಿಂದ ಇರಿದು ಓಡುತ್ತಾನೆ ಅಂತ. ಆಡಿಸುವವರ ಮರ್ಜಿಗೆ ಬಿಟ್ಟ ವಿಷಯ ಅಲ್ಲ ಅದು. ತೋಳು ಅಲ್ಲೇ ಇರಬೇಕು.

ಮರ್ಕ್ಯುಶಿಯೋ ಮೊದಲು ತಮಾಷೆ ಮಾಡುತ್ತಾನೆ. ಗಾಯ ಬಾವಿಯಷ್ಟು ಆಳ ಇಲ್ಲ, ಚರ್ಚಿನ ಬಾಗಿಲಷ್ಟು ಅಗಲ ಇಲ್ಲ, ಆದರೂ ಸಾಕು, ಕೆಲಸ ಆಗುತ್ತದೆ ಅಂತಾನೆ. ಅಷ್ಟು ದೊಡ್ಡ ಗಾಯ ಏನಲ್ಲ ಬಿಡು, ಧೈರ್ಯ ತಂದುಕೋ ಅಂತ ರೋಮಿಯೋ ಸಮಾಧಾನ ಮಾಡುತ್ತಾನೆ. ಇಡೀ ನಾಟಕದಲ್ಲಿ ನಗಿಸಿದವನು ಮರ್ಕ್ಯುಶಿಯೋ, ಈಗಲೂ ನಗಿಸುತ್ತಿದ್ದಾನೆ ಅಂತಲೇ ಅವರ ಲೆಕ್ಕ. ಮತ್ತೆ ಅವನು ಕೇಳುತ್ತಾನೆ: ನೀನ್ಯಾಕೆ ಮಾರಾಯ ನಡುವೆ ಬಂದೆ? ನಿನ್ನ ಕೈ ಅಡಿಯಿಂದ ನನಗೆ ಏಟು ಬಿತ್ತು. ರೋಮಿಯೋನ ಉತ್ತರ ಒಂದೇ ಸಾಲು. ಒಳ್ಳೆಯದಾಗಲಿ ಅಂತ ಮಾಡಿದೆ.

ಎಷ್ಟು ಸಲ ಓದಿದರೂ ನನಗೆ ಈ ಸಾಲಿನ ಹತ್ತಿರ ಸಿಟ್ಟು ಬರುತ್ತದೆ. ಸಾಯುತ್ತಿರುವವನು ನೇರ ಪ್ರಶ್ನೆ ಕೇಳಿದ್ದಾನೆ. ಯಾಕೆ ಬಂದೆ? ಉತ್ತರ ಇದೆ: ನಾನು ಜೂಲಿಯೆಟ್‌ಳನ್ನು ಮದುವೆಯಾದೆ, ಇವನು ಈಗ ನನ್ನ ನೆಂಟ, ಅದಕ್ಕೆ. ಆಗಲೂ ರೋಮಿಯೋ ಹೇಳಲಿಲ್ಲ. ನಿಮ್ಮ ಎರಡೂ ಮನೆ ಪ್ಲೇಗಿಗೆ ಹಾಳಾಗಿ ಹೋಗಲಿ ಅಂತ ಶಾಪ ಹಾಕಿ ಮರ್ಕ್ಯುಶಿಯೋ ಸಾಯುತ್ತಾನೆ. ತಾನು ಯಾಕೆ ಸತ್ತೆ ಅಂತ ಗೊತ್ತಿಲ್ಲದೆ ಸಾಯುತ್ತಾನೆ.

ಜೂಲಿಯೆಟ್ ಅಂತ ಒಬ್ಬಳು ಇದ್ದಾಳೆ, ರೋಮಿಯೋ ಅವಳ ಹಿಂದೆ ಬಿದ್ದಿದ್ದಾನೆ ಅನ್ನುವುದು ಮರ್ಕ್ಯುಶಿಯೋಗೆ ಕೊನೆಯವರೆಗೂ ಗೊತ್ತಾಗಲೇ ಇಲ್ಲ. ರೋಮಿಯೋ ಇನ್ನೂ ತಾನು ಮೊದಲು ಮನಸೋತಿದ್ದ ಆ ಹಳೇ ರೊಸಲೈನ್‌ಗಾಗಿ ಕೊರಗುತ್ತಿದ್ದಾನೆ ಅಂತಲೇ ಅವನ ನಂಬಿಕೆ. ಬೆನ್ವೋಲಿಯೋಗೂ ಗೊತ್ತಿಲ್ಲ. ಹೇಳಲಿಕ್ಕೆ ಹೊತ್ತು ಇರಲಿಲ್ಲವಾ? ಇತ್ತು. ಅದೇ ಸೋಮವಾರ ಬೆಳಿಗ್ಗೆ ಮೂವರೂ ಒಟ್ಟಿಗೆ ಸಿಕ್ಕಿದ್ದಾರೆ, ಬೀದಿಯಲ್ಲಿ ನಿಂತು ಬೇಕಾದಷ್ಟು ಹರಟೆ ಹೊಡೆದಿದ್ದಾರೆ. ಆ ಹೊತ್ತಿಗೆ ರೋಮಿಯೋ ಖುಷಿಯಲ್ಲಿದ್ದಾನೆ, ಮಾತಿಗೆ ಮಾತು ಕೊಡುತ್ತಾನೆ. ಈಗ ನೀನು ನಮ್ಮ ರೋಮಿಯೋ ಆದೆ ನೋಡು, ಕೊರಗುವುದಕ್ಕಿಂತ ಇದು ಚೆನ್ನಾಗಿದೆ ಅಲ್ವಾ ಅಂತ ಮರ್ಕ್ಯುಶಿಯೋ ಮನಸಾರೆ ಹೇಳುತ್ತಾನೆ. ಗೆಳೆಯ ಯಾಕೆ ಖುಷಿಯಾಗಿದ್ದಾನೆ ಅಂತ ಅವನಿಗೆ ಗೊತ್ತಿಲ್ಲ. ಟಿಬಾಲ್ಟ್ ರೋಮಿಯೋನ ಮನೆಗೆ ಸವಾಲಿನ ಪತ್ರ ಕಳಿಸಿದ ಸುದ್ದಿ ಈ ಗೆಳೆಯರಿಗೆ ಅದಾಗಲೇ ಗೊತ್ತು. ಇವರ ಹತ್ತಿರ ಒಂದು ಸುದ್ದಿ, ಅವನ ಹತ್ತಿರ ಒಂದು ಸುದ್ದಿ. ಎರಡೂ ಒಂದು ಕಡೆ ಸೇರಿದ್ದರೆ ಮಧ್ಯಾಹ್ನ ಬೇರೆಯಾಗುತ್ತಿತ್ತು.

ಮರ್ಕ್ಯುಶಿಯೋ ಯಾರು ಅನ್ನುವುದನ್ನು ನಾವು ಮರೆಯುತ್ತೇವೆ. ಅವನು ಆ ಮನೆಯವನೂ ಅಲ್ಲ, ಈ ಮನೆಯವನೂ ಅಲ್ಲ. ಊರನ್ನು ಆಳುವ ರಾಜಕುಮಾರನ ನೆಂಟ. ರೋಮಿಯೋನ ಜೀವದ ಗೆಳೆಯ, ಅದೇ ಹೊತ್ತಿಗೆ ಜೂಲಿಯೆಟ್‌ಳ ಮನೆಯ ಊಟದ ಕರೆಪಟ್ಟಿಯಲ್ಲಿ ಅವನ ಹೆಸರೂ ಇದೆ. ನಮ್ಮ ಕಡೆ ತೋಟದ ಗಡಿಗೋ, ಸೊಪ್ಪಿನ ಬೆಟ್ಟಕ್ಕೋ ಜಗಳವಾಗಿ ಎರಡು ಮನೆ ಮಾತು ಬಿಟ್ಟಿರುತ್ತವೆ. ಯಾಕೆ ಬಿಟ್ಟದ್ದು ಅಂತ ಈಗಿನವರಿಗೆ ಗೊತ್ತೂ ಇರುವುದಿಲ್ಲ. ಈ ನಾಟಕದಲ್ಲೂ ಹಗೆಗೆ ಕಾರಣ ಹೇಳಿಲ್ಲ. ಅಂಥ ಕಡೆ ಎರಡೂ ಮನೆಗೆ ಹೊಕ್ಕುಬಳಕೆ ಇರುವವನು ಒಬ್ಬ ಇರುತ್ತಾನೆ. ಮದುವೆ ಮಾತುಕತೆ, ರಾಜಿ ಪಂಚಾಯ್ತಿ, ಏನೇ ಆದರೂ ಅವನನ್ನೇ ಕಳಿಸುವುದು. ವೆರೋನಾದಲ್ಲಿ ಅಂಥವನು ಮರ್ಕ್ಯುಶಿಯೋ. ಈ ಮದುವೆಯ ಸುದ್ದಿಯನ್ನು ರಾಜಕುಮಾರನ ಕಿವಿಗೆ ಹಾಕಬಲ್ಲವನು ಇಡೀ ಊರಲ್ಲಿ ಅವನೊಬ್ಬನೇ. ರೋಮಿಯೋ ಅವನನ್ನು ಬಿಟ್ಟು, ಗಿಡಮೂಲಿಕೆ ಆಯುತ್ತಾ ಕೂತ ಪಾದ್ರಿಯ ಹತ್ತಿರ ಹೋದ.

ಹಾಗಾದರೆ ಎಲ್ಲ ರೋಮಿಯೋನ ತಪ್ಪಾ? ಹಾಗೆ ಹೇಳಿದರೆ ಅನ್ಯಾಯವಾಗುತ್ತದೆ. ಭಾನುವಾರ ರಾತ್ರಿ ಊಟ ಮುಗಿದು ಹೊರಟಾಗ ರೋಮಿಯೋ ತಪ್ಪಿಸಿಕೊಂಡು ಗೋಡೆ ಹಾರುತ್ತಾನೆ. ಆಚೆ ರಸ್ತೆಯಲ್ಲಿ ಮರ್ಕ್ಯುಶಿಯೋ ನಿಂತು ಅವನನ್ನು ಕರೆಯುತ್ತಾನೆ. ಕರೆಯುವ ಚೆಂದ ಹೇಗೆ ಅಂದರೆ, ದೆವ್ವ ಬಿಡಿಸುವವನ ಹಾಗೆ ಮಂತ್ರ ಹೇಳುತ್ತಾನೆ, ರೊಸಲೈನ್‌ಳ ಕಣ್ಣು, ಹಣೆ, ತುಟಿ, ಕಾಲು, ತೊಡೆ ಅಂತ ಒಂದೊಂದರ ಮೇಲೆ ಆಣೆ ಹಾಕುತ್ತಾ ಕೆಳಗಿಳಿಯುತ್ತಾನೆ. ಇಲ್ಲಿ ಹೆಂಗಸರು ಮಕ್ಕಳು ಕೂತಿದ್ದೀರಿ, ಮುಂದಿನದ್ದು ಬೇಡ. ಗೋಡೆಯ ಈಚೆಗೆ ನಿಂತು ರೋಮಿಯೋ ಅದಷ್ಟನ್ನೂ ಕೇಳಿಸಿಕೊಂಡಿದ್ದಾನೆ. ಗಾಯ ಕಾಣದವನು ಕಲೆ ನೋಡಿ ನಗುತ್ತಾನೆ ಅಂತ ಅವನ ಬಾಯಿಂದ ಬರುವುದು ಆಗಲೇ. ಮರುಕ್ಷಣ ಜೂಲಿಯೆಟ್ ಕಿಟಕಿಗೆ ಬರುತ್ತಾಳೆ.

ಇಂಥ ಗೆಳೆಯನಿಗೆ ಯಾರು ಹೇಳುತ್ತಾರೆ ಹೇಳಿ? ಏನು ಹೇಳಿದರೂ ನಗೆ ಮಾಡುವವನು, ಪ್ರೀತಿ ಅಂದರೆ ಒಂದು ಕೊಳಕು ಜೋಕು ಹೊಡೆಯುವವನು. ನಮ್ಮೆಲ್ಲರಿಗೂ ಇಂಥ ಒಬ್ಬ ಗೆಳೆಯ ಇದ್ದಾನೆ, ಎಲ್ಲ ಹೇಳಬಹುದು, ಇದೊಂದನ್ನು ಬಿಟ್ಟು. ಮರ್ಕ್ಯುಶಿಯೋನ ನಾಲಿಗೆಯೇ ಅವನಿಗೆ ಸುದ್ದಿ ಬರುವ ದಾರಿ ಮುಚ್ಚಿತು. ಆದ್ದರಿಂದ ನಾನು ತಿರುವನ್ನು ಕತ್ತಿ ಇಳಿದ ಜಾಗದಲ್ಲಿ ಗುರುತು ಮಾಡುವುದಿಲ್ಲ. ಕಾರಣ ಇದೆ, ಆದರೆ ಈಗ ಹೇಳಲಾರೆ ಅಂತ ರೋಮಿಯೋ ಟಿಬಾಲ್ಟ್‌ಗೆ ಹೇಳಿದಾಗ ಪಕ್ಕದಲ್ಲಿ ಮರ್ಕ್ಯುಶಿಯೋ ನಿಂತಿದ್ದನಲ್ಲ, ತಿರುವು ಅಲ್ಲಿದೆ. ಅಲ್ಲಿಯವರೆಗೆ ಗುಟ್ಟು ಪ್ರೇಮಿಗಳನ್ನು ಕಾಯ್ದಿತ್ತು, ಅಲ್ಲಿಂದ ಮುಂದೆ ಅದೇ ಅವರನ್ನು ಕೊಲ್ಲಲು ಶುರು ಮಾಡಿತು.

ನಾನು ಸುಮ್ನೆ ಎಳೆದಾಡುತ್ತಿಲ್ಲ ಅನ್ನುವುದಕ್ಕೆ ಒಂದು ಸಾಕ್ಷಿ ಇದೆ. ಈ ಕತೆ ಶೇಕ್ಸ್‌ಪಿಯರನ ಸ್ವಂತದ್ದಲ್ಲ. ಆರ್ಥರ್ ಬ್ರೂಕ್ ಅನ್ನುವವನು 1562ರಲ್ಲಿ ಇದನ್ನೇ ಉದ್ದದ ಕಾವ್ಯವಾಗಿ ಬರೆದಿದ್ದ. ಅಲ್ಲಿ ಕತೆ ತಿಂಗಳುಗಟ್ಟಲೆ ನಡೆಯುತ್ತದೆ, ಮದುವೆಯಾಗಿ ಎಷ್ಟೋ ದಿನ ಕಳೆದ ಮೇಲೆ ಬೀದಿ ಜಗಳ. ಟಿಬಾಲ್ಟ್ ಮೇಲೆ ಬೀಳುತ್ತಾನೆ, ರೋಮಿಯೋ ತನ್ನ ಜೀವ ಉಳಿಸಿಕೊಳ್ಳಲು ಕೊಲ್ಲುತ್ತಾನೆ. ಮರ್ಕ್ಯುಶಿಯೋ ಅಲ್ಲಿ ಹಬ್ಬದೂಟದಲ್ಲಿ ಒಂದು ಸಲ ಕಂಡು ಮಾಯವಾಗುವವನು, ಅವನ ಕೈ ಸದಾ ತಣ್ಣಗಿರುತ್ತದಂತೆ, ಅಷ್ಟೇ. ಗೆಳೆಯನೂ ಅಲ್ಲ, ಸಾಯುವುದೂ ಇಲ್ಲ. ಶೇಕ್ಸ್‌ಪಿಯರ್ ತಿಂಗಳುಗಳನ್ನು ನಾಲ್ಕೈದು ದಿನಕ್ಕೆ ಇಳಿಸಿದ, ಮದುವೆ ಮತ್ತು ಜಗಳವನ್ನು ಒಂದೇ ಮಧ್ಯಾಹ್ನಕ್ಕೆ ತಂದ. ಆ ತಣ್ಣನೆ ಕೈಯವನನ್ನು ಎತ್ತಿ ಗೆಳೆಯನ ಜಾಗದಲ್ಲಿ ನಿಲ್ಲಿಸಿ, ಅವನಿಗೆ ಏನೂ ಗೊತ್ತಾಗದ ಹಾಗೆ ನೋಡಿಕೊಂಡ. ಇದೆಲ್ಲ ಬೇಕೆಂದೇ ಮಾಡಿದ್ದು.

ನಮ್ಮಲ್ಲಿ ಇದಕ್ಕೆ ಹತ್ತಿರದ ಜಾಗ ಬಭ್ರುವಾಹನ ಕಾಳಗ. ಆಟದಲ್ಲಿ ನೋಡಿದ್ದೀರಿ, ತಾಳಮದ್ದಲೆಯಲ್ಲಿ ಕೇಳಿದ್ದೀರಿ. ಯಜ್ಞದ ಕುದುರೆಯನ್ನು ಕಟ್ಟಿದ ಮಗ, ಅದು ತಂದೆಯದ್ದು ಅಂತ ತಿಳಿದ ಮೇಲೆ ಕಾಣಿಕೆ ಹಿಡಿದು ತಗ್ಗಿ ಬಗ್ಗಿ ಬರುತ್ತಾನೆ. ಅರ್ಜುನ ಆ ವಿನಯವನ್ನೇ ಹೇಡಿತನ ಅಂತ ತಿಳಿದು ಹುಟ್ಟನ್ನೇ ಹಳಿಯುತ್ತಾನೆ. ಆಗ ಕಾಳಗ, ತಂದೆಯ ಸಾವು. ತಗ್ಗಿ ಬಂದವನನ್ನು ಬೈದು ಕತ್ತಿ ಹಿಡಿಸುವುದು ಎರಡರಲ್ಲೂ ಇದೆ. ಆದರೆ ಬಭ್ರುವಾಹನ ಬಾಯಿ ಬಿಟ್ಟು ಹೇಳಿದ, ನಾನು ನಿನ್ನ ಮಗ ಅಂತ. ಕೇಳಿದವನು ನಂಬಲಿಲ್ಲ. ಅದರ ಹೊಣೆ ಪೂರ್ತಿ ಅರ್ಜುನನದ್ದು. ಇನ್ನೊಂದು, ನಮ್ಮ ಪ್ರಸಂಗದಲ್ಲಿ ನಾಗಲೋಕದ ಮಣಿ ಬರುತ್ತದೆ, ಅರ್ಜುನ ಏಳುತ್ತಾನೆ, ಮಂಗಳ ಹಾಡಬಹುದು. 19ನೇ ಶತಮಾನದ ಕೊನೆಗೆ ಈ ರೋಮಿಯೋ ಕತೆ ‘ರಾಮವರ್ಮ ಲೀಲಾವತಿ’ ಅಂತ ಕನ್ನಡಕ್ಕೆ ಬಂದಾಗಲೂ ಕೊನೆಗೆ ದೇವರ ದಯದಿಂದ ಜೋಡಿ ಬದುಕಿತು. ಅದನ್ನು ನೋಡಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ, ನೋಡುವವರಿಗೆ ಅದು ಬೇಕಿತ್ತು. ಆದರೆ ಜೋಡಿ ಎದ್ದು ಕೂತ ಮೇಲೆ ಗೆಳೆಯನಿಗೆ ಹೇಳಿದ್ದರೆ, ಹೇಳದಿದ್ದರೆ ಅನ್ನುವ ಪ್ರಶ್ನೆಗೆ ತೂಕ ಉಳಿಯುವುದಿಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ಟಿಬಾಲ್ಟ್ ವಾಪಸ್ ಬರುತ್ತಾನೆ, ರೋಮಿಯೋ ಕೊಲ್ಲುತ್ತಾನೆ. ಬೆನ್ವೋಲಿಯೋ ಸಾಕ್ಷಿ ಹೇಳುವಾಗ ಮರ್ಕ್ಯುಶಿಯೋ ಮೊದಲು ಕತ್ತಿ ಎಳೆದದ್ದನ್ನು ನಯವಾಗಿ ಬಿಟ್ಟುಬಿಡುತ್ತಾನೆ. ಜೂಲಿಯೆಟ್‌ಳ ತಾಯಿ ಕೂಗುತ್ತಾಳೆ, ಇವನು ಆ ಕಡೆಯವನು, ಸುಳ್ಳು ಹೇಳುತ್ತಿದ್ದಾನೆ. ಬೆನ್ವೋಲಿಯೋ ಬಚ್ಚಿಟ್ಟದ್ದೂ ಹೌದು, ಆದರೆ ಅಸಲಿ ಕಾರಣ ಅವನಿಗೇ ಗೊತ್ತಿಲ್ಲದ್ದೂ ಹೌದು. ಮರಣದಂಡನೆ ಆಗಬೇಕಿದ್ದದ್ದು ಗಡಿಪಾರು ಆಯಿತು. ಗಡಿಪಾರಾಗಿ ರೋಮಿಯೋ ಮಾಂಟುವಾ ಅನ್ನುವ ಊರಿಗೆ ಹೋದ, ಅದಕ್ಕೇ ಪಾದ್ರಿ ಅಲ್ಲಿಗೆ ಪತ್ರ ಬರೆಯಬೇಕಾಯಿತು. ಆ ಪತ್ರವನ್ನು ತಡೆದದ್ದು ಪ್ಲೇಗು. ಮರ್ಕ್ಯುಶಿಯೋ ಹಾಕಿದ ಶಾಪ ಯಾವುದಾಗಿತ್ತು ಅಂತ ನೆನಪಿದೆಯಲ್ಲ?

ಇಲ್ಲಿಗೆ ನನ್ನ ಮಾತು ಮುಗಿದಿತ್ತು. ಪ್ರಶ್ನೆಗಳು ಚೆನ್ನಾಗಿದ್ದವು.

ಮುಂದಿನ ಸಾಲಿನ ಹಿರಿಯರೊಬ್ಬರು, ತಾವೇ ತಾಳಮದ್ದಲೆಯಲ್ಲಿ ಅರ್ಥ ಹೇಳಿ ಪಳಗಿದವರು, ಕೂತಲ್ಲಿಂದಲೇ ಕೇಳಿದರು. “ತಮಾ, ಅಂವ ಮದುವೆ ಆದದ್ದು ಹೇಳಿದ್ರೆ ಟಿಬಾಲ್ಟ್ ಇನ್ನೂ ಜಾಸ್ತಿ ಉರೀತಿದ್ದ. ಮನೆ ಹುಡುಗಿನ ಕದ್ದು ಮದುವೆ ಆದ ಹೇಳಿ ಅಲ್ಲೇ ಕಡೀತಿದ್ದ. ಆಗ ಎಂತ ಮಾಡ್ತೆ?”

ನಾನು ಹೇಳಿದೆ, ಹೌದು ಹಿರಿಯರೇ, ಟಿಬಾಲ್ಟ್ ಕಡಿಯಲು ಬರುತ್ತಿದ್ದ. ಆದರೆ ಹೇಳಬೇಕಾಗಿದ್ದದ್ದು ಟಿಬಾಲ್ಟ್‌ಗಲ್ಲ. ಮರ್ಕ್ಯುಶಿಯೋಗೆ ಗೊತ್ತಿದ್ದರೆ ಗೆಳೆಯನ ತಾಳ್ಮೆ ಅವನಿಗೆ ಹೇಡಿತನವಾಗಿ ಕಾಣುತ್ತಿರಲಿಲ್ಲ. ಮೊದಲ ಕತ್ತಿ ಹೊರಗೆ ಬರುತ್ತಿರಲಿಲ್ಲ. ಅವರು ತಲೆ ಆಡಿಸಿದರು, ಒಪ್ಪಿಗೆಯಲ್ಲ ಅದು. “ಮರ್ಕ್ಯುಶಿಯೋ ಜಗಳಕ್ಕೇ ಹುಟ್ಟಿದಂವ, ಅಂವಂಗೆ ನೆಪ ಸಾಕು” ಅಂದರು. ಅದರಲ್ಲೂ ಹುರುಳಿದೆ. ಜಗಳಕ್ಕೆ ಮೊದಲು ಬೆನ್ವೋಲಿಯೋನನ್ನು ರೇಗಿಸುತ್ತಾ ಮರ್ಕ್ಯುಶಿಯೋ ಆಡುವ ಮಾತು ಅವರ ಪರವಾಗಿಯೇ ಇದೆ.

ಡಿಗ್ರಿ ಓದುವ ಹುಡುಗಿಯೊಬ್ಬಳು ಕೇಳಿದ್ದು ಇದಕ್ಕಿಂತ ಗಟ್ಟಿ ಪ್ರಶ್ನೆ. “ಸರ್, ನೀವು ಇಡೀ ಹೊತ್ತು ಹುಡುಗರ ಬಗ್ಗೆಯೇ ಹೇಳಿದ್ರಿ. ಜೂಲಿಯೆಟ್ ಹೇಳಿಕೊಂಡಿದ್ದಳಲ್ಲ, ದಾದಿಗೆ ಎಲ್ಲ ಗೊತ್ತಿತ್ತು. ಆದ್ರೂ ಅವಳೇನು ಉಳಿದಳಾ?”

ಉಳಿಯಲಿಲ್ಲ. ದಾದಿ ಸುದ್ದಿ ಒಯ್ದಳು, ಹಗ್ಗದ ಏಣಿ ತಂದಳು, ಎಲ್ಲ ಮಾಡಿದಳು. ರೋಮಿಯೋ ಗಡಿಪಾರಾದ ಮೇಲೆ, ಅಪ್ಪ ಪ್ಯಾರಿಸ್ ಅನ್ನುವ ದೊಡ್ಡ ಮನೆತನದವನ ಜತೆ ಮದುವೆ ಗೊತ್ತು ಮಾಡಿ ಒಪ್ಪದಿದ್ದರೆ ಬೀದಿಗೆ ಹಾಕುತ್ತೇನೆ ಅಂತ ಕೂಗಾಡಿ ಹೋದ ಮೇಲೆ, ಜೂಲಿಯೆಟ್ ಅವಳನ್ನೇ ಕೇಳುತ್ತಾಳೆ, ಏನಾದರೂ ಸಮಾಧಾನ ಹೇಳು ಅಂತ. ದಾದಿ ಹೇಳುತ್ತಾಳೆ, ಪ್ಯಾರಿಸ್‌ನನ್ನೇ ಮದುವೆಯಾಗು, ರೋಮಿಯೋ ಅವನ ಮುಂದೆ ಪಾತ್ರೆ ಒರೆಸುವ ಬಟ್ಟೆ. ಜೂಲಿಯೆಟ್ ಕಿರುಚುವುದಿಲ್ಲ. ನೀನು ನನಗೆ ತುಂಬಾ ಸಮಾಧಾನ ಹೇಳಿದೆ ಅಂತ ಅವಳನ್ನು ಕಳಿಸಿ, ಅವಳು ಆಚೆ ಹೋದ ಮೇಲೆ, ಇನ್ನು ನನ್ನ ಮನಸ್ಸಿನ ಮಾತು ನಿನಗಿಲ್ಲ ಅಂತಾಳೆ. ಹದಿನಾಲ್ಕೂ ತುಂಬದ ಹುಡುಗಿ. ಅವಳ ತಿರುವು ಅದು, ಮತ್ತು ಅದು ರೋಮಿಯೋನದ್ದಕ್ಕಿಂತ ದೊಡ್ಡದು ಅಂತ ಯಾರಾದರೂ ವಾದಿಸಿದರೆ ನಾನು ಜಗಳ ಆಡುವುದಿಲ್ಲ. ಅವಳು ಹೇಳಿದಳು, ಕೇಳಿಸಿಕೊಂಡವಳು ಕೈ ಬಿಟ್ಟಳು. ಹೇಳಿದ ಮಾತ್ರಕ್ಕೆ ಉಳಿವು ಗ್ಯಾರಂಟಿ ಅಂತ ಈ ನಾಟಕ ಎಲ್ಲೂ ಹೇಳುವುದಿಲ್ಲ.

ಕೊನೆಯ ಪ್ರಶ್ನೆ ಕಾಲೇಜಿನ ವಾರ್ಷಿಕೋತ್ಸವಕ್ಕೆ ನಾಟಕದ ತುಂಡೊಂದನ್ನು ಆಡಿಸಬೇಕು ಅಂತಿರುವ ಹುಡುಗರದ್ದು. ಸಿಗುವುದು ಮುಕ್ಕಾಲು ತಾಸು. ಏನು ಇಡಬೇಕು, ಏನು ಬಿಡಬೇಕು?

ಕಿಟಕಿಯ ದೃಶ್ಯ ಎಲ್ಲರಿಗೂ ಬಾಯಿಪಾಠ ಇದೆ, ಅದನ್ನು ಅರ್ಧಕ್ಕೆ ಇಳಿಸಿ. ಸಮಾಧಿಯ ದೃಶ್ಯವನ್ನೂ ಚಿಕ್ಕದು ಮಾಡಬಹುದು. ಸೋಮವಾರ ಬೆಳಗಿನ ಹರಟೆಯನ್ನು ಮಾತ್ರ ತೆಗೆಯಬೇಡಿ. ಎಲ್ಲರೂ ಮೊದಲು ಕತ್ತರಿ ಹಾಕುವುದು ಅದಕ್ಕೇ, ಕತೆ ಮುಂದೆ ಹೋಗುವುದಿಲ್ಲ, ಬರೀ ಪೋಲಿ ಜೋಕು ಅಂತ. ಆ ಜೋಕುಗಳನ್ನು ಶಿರಸಿಯ ಹುಡುಗರು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಆಡುವ ಮಾತಿಗೆ ಬದಲಿಸಿ, ಪ್ರಿನ್ಸಿಪಾಲರು ಎದ್ದು ಹೋಗದಷ್ಟು. ರೋಮಿಯೋ ಪಾತ್ರದವನು ಒಂದು ಕಡೆ ಬಾಯಿ ತೆರೆದು, ಹೇಳಲು ಹೋಗಿ, ಮರ್ಕ್ಯುಶಿಯೋ ಇನ್ನೊಂದು ಜೋಕು ಹೊಡೆದದ್ದಕ್ಕೆ ಸುಮ್ಮನಾಗಲಿ. ಇದು ಮೂಲದಲ್ಲಿಲ್ಲ, ನಾನು ಹೇಳುತ್ತಿರುವುದು. ಆಮೇಲೆ ಕತ್ತಿ ವರಸೆ ಎಷ್ಟು ಕೆಟ್ಟದಾಗಿ ಬಂದರೂ ಚಿಂತೆಯಿಲ್ಲ, ರಟ್ಟಿನ ಕತ್ತಿಯೇ ಸಾಕು. ತೋಳು ಮಾತ್ರ ಸರಿಯಾದ ಜಾಗದಲ್ಲಿರಲಿ, ಹಿಂದಿನ ಸಾಲಿನವರಿಗೂ ಕಾಣುವ ಹಾಗೆ.